ಮನೆಯಲ್ಲಿ ಜನ ಇದ್ದರೂ 'ಡೋರ್ ಲಾಕ್ಡ್': ಪಾರ್ಸೆಲ್, ಟಪಾಲು ಕೈಗೆ ಸಿಗಲು ಏನು ಮಾಡ್ತೀರಿ?

ಶಕ್ತಿನಗರ, ಮಂಗಳೂರು

ನಮ್ಮ ಮನೆ ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ, ಇಳಿಜಾರಿನಲ್ಲಿ. ಅತ್ತೆ, ಮಾವ ಇಡೀ ದಿನ ಮನೆಯಲ್ಲೇ ಇರುತ್ತಾರೆ. ಆದರೂ ಪಾರ್ಸೆಲ್ ಬರಬೇಕಾದ ದಿನ ಮೊಬೈಲಿಗೆ 'ಡೋರ್ ಲಾಕ್ಡ್' ಅಂತ ಮೆಸೇಜ್. ಯಾರೂ ಬಂದಿಲ್ಲ, ಫೋನೂ ಇಲ್ಲ. ಮರುದಿನವೂ ಅದೇ. ಆಮೇಲೆ ಪಾರ್ಸೆಲ್ ವಾಪಸ್. ಮಾವನ ಮಂಡಿಗೆ ಹಾಕುವ ಬೆಲ್ಟ್ ಹೀಗೇ ಹೋಯಿತು. ಬ್ಯಾಂಕಿನ ಹೊಸ ಎಟಿಎಂ ಕಾರ್ಡ್ ಬರಲೇ ಇಲ್ಲ. ಕಸ್ಟಮರ್ ಕೇರಿನವರು 'ಎರಡು ದಿನ ಕಾಯಿರಿ' ಅಂತ ಮಾತ್ರ ಹೇಳುತ್ತಾರೆ. ಮಂಗಳೂರು, ಉಡುಪಿ ಕಡೆಯವರು ಇದಕ್ಕೆ ಎಂತ ಮಾಡ್ತೀರಿ? ನಿಜವಾಗಿ ಕೆಲಸಕ್ಕೆ ಬಂದದ್ದನ್ನು ಹೇಳಿ.

ಕೊಟ್ಟಾರದಿಂದ

ಮೊದಲು ಒಂದು ಮಾತು. ಕಾಯಬೇಡಿ. ಸುಳ್ಳು ಮೆಸೇಜ್ ಬಂದ ಅದೇ ದಿನ ಸಂಜೆಯೊಳಗೆ ದೂರು ಹಾಕಿ, ಅದೂ ಬರಹದಲ್ಲಿ. ಫೋನಿನಲ್ಲಿ ಎಷ್ಟು ಜಗಳ ಮಾಡಿದರೂ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಾಳೆ ಬೇರೆ ಯಾರೋ ಫೋನ್ ಎತ್ತುತ್ತಾರೆ, ಮತ್ತೆ ಮೊದಲಿಂದ ಕಥೆ ಹೇಳಬೇಕು. ಆ್ಯಪಿನ ಚಾಟ್ ಅಥವಾ ಇಮೇಲ್ ಬಳಸಿ. ಸುಮ್ಮನೆ 'ಪಾರ್ಸೆಲ್ ಬಂದಿಲ್ಲ' ಅಂತ ಬರೆದರೆ ಸಾಲದು. 'ಮನೆಯಲ್ಲಿ ಜನ ಇದ್ದರು, ಯಾರೂ ಬಂದಿಲ್ಲ, ಫೋನ್ ಬಂದಿಲ್ಲ, ನಿಮ್ಮ ದಾಖಲೆ ತಪ್ಪು, ಪಾರ್ಸೆಲ್ ವಾಪಸ್ ಕಳಿಸಬೇಡಿ' ಅಂತ ಸ್ಪಷ್ಟವಾಗಿ ಬರೆಯಿರಿ. ಮೊಬೈಲಿನ ಕಾಲ್ ಲಿಸ್ಟಿನ ಸ್ಕ್ರೀನ್‌ಶಾಟ್ ಜೊತೆಗಿಡಿ. ಗೇಟಿನ ಕಡೆ ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಎದುರು ಮನೆಯವರ ಕ್ಯಾಮೆರಾದ ವಿಡಿಯೋ ಕೊಟ್ಟ ಮೇಲೆ ಕೊರಿಯರಿನವರ ಮಾತೇ ಬದಲಾಯಿತು.

ಎರಡನೆಯದು, ಆನ್‌ಲೈನ್ ಖರೀದಿಯಾದರೆ ಕೊರಿಯರಿನವರ ಹಿಂದೆ ಓಡಬೇಡಿ. ನೀವು ದುಡ್ಡು ಕೊಟ್ಟದ್ದು ಮಾರಿದವರಿಗೆ. ತಲುಪಿಸುವ ಹೊಣೆ ಅವರದ್ದು. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಇಂಥ ಕಂಪನಿಗಳು ದೂರು ಕೇಳಲು ಒಬ್ಬ ಅಧಿಕಾರಿಯನ್ನು ಇಟ್ಟಿರಲೇಬೇಕು. ದೂರು ಬಂದ 48 ಗಂಟೆಯೊಳಗೆ 'ಸಿಕ್ಕಿದೆ' ಅಂತ ಉತ್ತರಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಅಧಿಕಾರಿಯ ಹೆಸರು, ಇಮೇಲ್ ಅವರ ವೆಬ್‌ಸೈಟಿನ ಕೆಳಭಾಗದಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹುಡುಕಿ ತೆಗೆಯಿರಿ. ಚಾಟಿನಲ್ಲಿ ಅದೇ ಸಿದ್ಧ ಉತ್ತರ ಪದೇ ಪದೇ ಬರುವಾಗ ಈ ವಿಳಾಸಕ್ಕೆ ಬರೆದರೆ ಮನುಷ್ಯರು ಓದುತ್ತಾರೆ. ನನಗೆ ದುಡ್ಡು ವಾಪಸ್ ಬಂದದ್ದು ಹಾಗೆಯೇ.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ದೆಹಲಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ಆ ಹಕ್ಕು ಕೊಟ್ಟಿದೆ. ವಸ್ತುವಿನ ಬೆಲೆ 5 ಲಕ್ಷ ರೂಪಾಯಿಯೊಳಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಮಂಡಿ ಬೆಲ್ಟಿಗೆ ಅಷ್ಟು ದೂರ ಹೋಗಬೇಕಾ ಅಂತ ಅನಿಸಬಹುದು. ಆದರೆ 'ಆಯೋಗಕ್ಕೆ ಹೋಗುತ್ತೇನೆ' ಅಂತ ದಾಖಲೆಗಳ ಜೊತೆ ಬರೆದ ಇಮೇಲಿಗೆ ತೂಕ ಜಾಸ್ತಿ.

ಪಡೀಲಿನಿಂದ, ಡೆಲಿವರಿ ಕೆಲಸ ಮಾಡುವವನು

ನಮ್ಮ ಕಡೆಯ ಮಾತನ್ನೂ ಕೇಳಿ. ಮನೆಗೆ ಬಾರದೆ 'ಡೋರ್ ಲಾಕ್ಡ್' ಒತ್ತುವುದು ತಪ್ಪೇ. ನಾನು ಅದನ್ನು ಸರಿ ಅನ್ನುವುದಿಲ್ಲ. ಆದರೆ ಯಾಕೆ ಹಾಗಾಗುತ್ತದೆ ಅಂತ ಗೊತ್ತಿದ್ದರೆ ನಿಮಗೂ ಉಪಾಯ ಸಿಗುತ್ತದೆ.

ನಮ್ಮಲ್ಲಿ ಹೆಚ್ಚಿನವರಿಗೆ ಸಂಬಳ ಇಲ್ಲ. ತಲುಪಿಸಿದ ಪಾರ್ಸೆಲ್ಲಿಗೆ ಇಷ್ಟು ಅಂತ ದುಡ್ಡು. ತಲುಪದಿದ್ದರೆ ಪೆಟ್ರೋಲೂ ನಮ್ಮದೇ. ಸಂಜೆಯೊಳಗೆ ಪ್ರತಿ ಪಾರ್ಸೆಲ್ಲಿಗೂ ಆ್ಯಪಿನಲ್ಲಿ ಏನಾದರೂ ಒಂದು ಒತ್ತಲೇಬೇಕು. 'ಹೊತ್ತಾಯಿತು, ಹೋಗಲು ಆಗಲಿಲ್ಲ' ಅನ್ನುವ ಆಯ್ಕೆಯೇ ಅದರಲ್ಲಿ ಇಲ್ಲ. ಇರುವುದು 'ಬಾಗಿಲು ಹಾಕಿತ್ತು', 'ವಿಳಾಸ ಸಿಗಲಿಲ್ಲ', 'ಗ್ರಾಹಕರು ನಾಳೆ ಬನ್ನಿ ಅಂದರು' ಇಂಥವು. ಜುಲೈ ಮಳೆಯಲ್ಲಿ ಗುಡ್ಡದ ಮನೆಗಳು ಕೊನೆಗೆ ಉಳಿಯುತ್ತವೆ. ಬೈಕ್ ಕೆಳಗಿಟ್ಟು, ಪಾರ್ಸೆಲ್ ಚೀಲ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರೆ ಚೀಲ ಕಾಯುವವರು ಯಾರು?

ನಿಮ್ಮ ವಿಳಾಸ ಹೇಗೆ ಬರೆದಿದ್ದೀರಿ ನೋಡಿ. ನಮ್ಮೂರಲ್ಲಿ ಮನೆಗೆ ಹೆಸರು ಉಂಟು, ಪಾಲಿಕೆಯ ನಂಬರ್ ಉಂಟು. ಆದರೆ ಆ ನಂಬರ್ ಹಿಡಿದು ಯಾರೂ ಮನೆ ಹುಡುಕುವುದಿಲ್ಲ. ಹೊಸ ಹುಡುಗರಲ್ಲಿ ಹೊರಗಿನವರು ಜಾಸ್ತಿ. ಅವರಿಗೆ 'ದೈವಸ್ಥಾನದ ಹಿಂದೆ' ಅಂದರೆ ಯಾವ ದೈವಸ್ಥಾನ ಅಂತ ಗೊತ್ತಾಗುವುದಿಲ್ಲ. ಬಸ್ ನಿಲ್ದಾಣದ ಹೆಸರು ಮೊದಲು ಬರೆಯಿರಿ, ಅಲ್ಲಿಂದ ಎಡವಾ ಬಲವಾ ಬರೆಯಿರಿ. ಆಮೇಲೆ ಗೇಟಿನ ಬಣ್ಣ. ಎರಡನೇ ಫೋನ್ ನಂಬರಾಗಿ ಮನೆಯಲ್ಲಿ ಇರುವವರದ್ದು ಕೊಡಿ, ಆಫೀಸಿಗೆ ಹೋದವರದ್ದಲ್ಲ.

ಇನ್ನೊಂದು, ಮುಖ್ಯ ರಸ್ತೆಯ ಬದಿಯ ಅಂಗಡಿಯವರ ಪರಿಚಯ ಇದ್ದರೆ ಅವರನ್ನು ಕೇಳಿ, ಆ ಅಂಗಡಿಯ ಹೆಸರನ್ನೂ ವಿಳಾಸದಲ್ಲಿ ಹಾಕಿ. 'ಮನೆ ಸಿಗದಿದ್ದರೆ ಇಲ್ಲಿ ಕೊಡಿ' ಅಂತ ಬರೆದ ಪಾರ್ಸೆಲ್ ನಾನು ಯಾವತ್ತೂ ವಾಪಸ್ ಒಯ್ದಿಲ್ಲ.

ಶಕ್ತಿನಗರ, ಮಂಗಳೂರು

ಅಂಗಡಿಯ ಉಪಾಯ ನಮಗೆ ಹೊಳೆದೇ ಇರಲಿಲ್ಲ. ಕೇಳಿ ನೋಡುತ್ತೇನೆ. ಎಟಿಎಂ ಕಾರ್ಡಿನ ಬಗ್ಗೆ ಯಾರಿಗಾದರೂ ಗೊತ್ತಾ? ಅದು ಅಂಗಡಿಯಲ್ಲಿ ಬಿಡುವ ವಸ್ತು ಅಲ್ವಲ್ಲ.

ಉಡುಪಿಯಿಂದ, ಅಂಚೆಯಲ್ಲಿ ದುಡಿದು ನಿವೃತ್ತನಾದವನು

ಅಲ್ಲ, ಅದನ್ನು ಅಂಗಡಿಯಲ್ಲಿ ಖಂಡಿತ ಬಿಡಬೇಡಿ. ಕಾರ್ಡ್, ಪಾಸ್‌ಪೋರ್ಟ್, ಚೆಕ್ ಪುಸ್ತಕ ಇವೆಲ್ಲ ಸಾಮಾನ್ಯವಾಗಿ ನಂಬರ್ ಇರುವ ಟಪಾಲಿನಲ್ಲೇ ಬರುತ್ತವೆ. ಮೊದಲು ಬ್ಯಾಂಕಿಗೆ ಹೋಗಿ ಆ ಟ್ರ್ಯಾಕಿಂಗ್ ನಂಬರ್ ಕೇಳಿ ಪಡೆಯಿರಿ. 'ಕಳಿಸಿ ಆಗಿದೆ' ಅನ್ನುವ ಉತ್ತರ ಒಪ್ಪಬೇಡಿ. ಸ್ಪೀಡ್ ಪೋಸ್ಟ್ ಆದರೆ ನಂಬರಿನಲ್ಲಿ ಒಟ್ಟು 13 ಅಕ್ಷರ, ಅಂಕಿ ಇರುತ್ತವೆ. 'ಇ' ಇಂಗ್ಲಿಷ್ ಅಕ್ಷರದಿಂದ ಶುರು, ಕೊನೆಯಲ್ಲಿ 'ಐಎನ್'. ಅದನ್ನು ಹಾಕಿ ನೋಡಿದರೆ ಕೊನೆಯದಾಗಿ ಯಾವ ಕಚೇರಿಯಲ್ಲಿ ಇತ್ತು ಅಂತ ಗೊತ್ತಾಗುತ್ತದೆ. ನೀವು ಹೋಗಬೇಕಾದದ್ದು ಆ ಕಚೇರಿಗೆ. ಬಾಗಿಲಲ್ಲಿ ಕೊಡಲು ಆಗದ್ದನ್ನು ಸಾಮಾನ್ಯವಾಗಿ ಏಳು ದಿನ ಅಲ್ಲೇ ಇಟ್ಟುಕೊಂಡು, ಆಮೇಲೆ ಕಳಿಸಿದವರಿಗೆ ಹಿಂತಿರುಗಿಸುತ್ತಾರೆ. ಹಾಗಾಗಿ ಆ ಏಳು ದಿನದೊಳಗೆ ಗುರುತಿನ ಚೀಟಿ ಹಿಡಿದುಕೊಂಡು ಹೋದರೆ ಕೆಲಸ ಮುಗಿಯಿತು. ಬ್ಯಾಂಕಿಗೆ ವಾಪಸ್ ಹೋಗಿದ್ದರೆ 'ಮನೆಗೆ ಬೇಡ, ಶಾಖೆಗೇ ತರಿಸಿ, ನಾನೇ ಬರುತ್ತೇನೆ' ಅಂತ ಅರ್ಜಿ ಕೊಡಿ.

ಹೆಚ್ಚಿನವರು ಪಿನ್ ಕೋಡನ್ನು ಹಗುರವಾಗಿ ನೋಡುತ್ತಾರೆ. ಇದು ನನಗೆ ಬಹಳ ಬೇಸರದ ವಿಷಯ. 1972ರ ಆಗಸ್ಟ್ 15ರಿಂದ ಈ ಆರು ಅಂಕಿ ನಡೆಯುತ್ತಿವೆ. ಮೊದಲ ಮೂರು ಅಂಕಿ ನೋಡಿ ಅಂಚೆಯ ಯಾವ ವಿಂಗಡಣಾ ವಲಯದ ಚೀಲಕ್ಕೆ ಹಾಕಬೇಕು ಅಂತ ತೀರ್ಮಾನ. ಕೊನೆಯ ಮೂರು ಅಂಕಿ ಹಂಚುವ ಕಚೇರಿಯದ್ದು. ಮಂಗಳೂರು ಅಂದರೆ 575001 ಅಂತ ಎಲ್ಲರೂ ಬರೆದುಬಿಡುತ್ತಾರೆ. ಕೊಡಿಯಾಲ್‌ಬೈಲಿಗೆ 575003, ಬಿಜೈಗೆ 575004, ದೇರಳಕಟ್ಟೆಗೆ 575018. ಅಲ್ಲೇ ಮುಂದೆ ಕೊಣಾಜೆಯ ವಿಶ್ವವಿದ್ಯಾಲಯಕ್ಕೆ 574199. ಮೊದಲ ಮೂರು ಅಂಕಿಯೇ ಬೇರೆ! ಉಡುಪಿ 576101, ಮಣಿಪಾಲ 576104. ತಪ್ಪು ಪಿನ್ ಬರೆದರೆ ಟಪಾಲು ಬೇರೆ ಕಚೇರಿಗೆ ಹೋಗಿ, ಅಲ್ಲಿಂದ ತಿರುಗಿ ಬರಬೇಕು. ಅಷ್ಟರಲ್ಲಿ ಲಕೋಟೆ ಒದ್ದೆಯಾಗಿ ಅಕ್ಷರ ಕರಗಿರುತ್ತದೆ. ನಿಮ್ಮ ಮನೆಗೆ ಹಂಚುವ ಕಚೇರಿ ಯಾವುದು ಅಂತ ಅಂಚೆಯವರನ್ನೇ ಒಮ್ಮೆ ಕೇಳಿ, ಬ್ಯಾಂಕು, ಆಧಾರ್, ಎಲ್ಲ ಕಡೆ ಅದನ್ನೇ ಬರೆಸಿ.

ಈಗ ರಿಜಿಸ್ಟರ್ಡ್ ಪೋಸ್ಟ್ ಬೇರೆ ಇಲ್ಲ. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದ್ದಾರೆ. ಅದೇ ವರ್ಷ ಅಕ್ಟೋಬರ್ 1ರಿಂದ ದರವೂ ಬದಲು: 50 ಗ್ರಾಂವರೆಗಿನ ಪತ್ರಕ್ಕೆ ಅದೇ ಊರಿನೊಳಗೆ 19 ರೂಪಾಯಿ, ಹೊರಗೆ 47, ಜಿಎಸ್‌ಟಿ ಬೇರೆ. ಮುಖ್ಯವಾದ ಕಾಗದ ಕಳಿಸುವಾಗ ಇನ್ನೂ 5 ರೂಪಾಯಿ ಕೊಟ್ಟು ನೋಂದಣಿ ಕೇಳಿ. ಆಗ ವಿಳಾಸದವರಿಗೆ ಅಥವಾ ಅವರು ಒಪ್ಪಿಗೆ ಕೊಟ್ಟವರಿಗೆ ಮಾತ್ರ ಕೊಡುತ್ತಾರೆ. ಒಟಿಪಿ ಹೇಳಿದ ಮೇಲೆಯೇ ಕೊಡುವ ವ್ಯವಸ್ಥೆಗೂ 5 ರೂಪಾಯಿ. ಒಟಿಪಿ ಇದ್ದರೆ 'ಕೊಟ್ಟಾಯಿತು' ಅಂತ ಸುಳ್ಳು ಬರೆಯಲು ಆಗುವುದಿಲ್ಲ.

ದೂರಿಗೆ ಅಂಚೆ ಇಲಾಖೆಯ ಉಚಿತ ಸಂಖ್ಯೆ 1800 266 6868. ಅದಕ್ಕಿಂತ ಹೆಚ್ಚಾಗಿ ಅಂಚೆ ಅದಾಲತ್ ನಡೆಯುವುದನ್ನು ಪೇಪರಿನಲ್ಲಿ ಗಮನಿಸಿ. ವಿಭಾಗದ ಅಧಿಕಾರಿಗಳು ಕುಳಿತು ದೂರು ಕೇಳುತ್ತಾರೆ. ಜನ ಬರುವುದೇ ಕಡಿಮೆ.

ಮಣಿಪಾಲದಿಂದ

ಹಾಸ್ಟೆಲಿನವರಿಗೆ: ಬ್ಲಾಕ್ ಮತ್ತು ರೂಮ್ ನಂಬರ್ ಮೊದಲ ಸಾಲಿನಲ್ಲೇ ಇರಲಿ. ರಜೆಗೆ ಊರಿಗೆ ಹೋಗುವ ವಾರ ಏನೂ ತರಿಸಬೇಡಿ. ವಿದ್ಯಾರ್ಥಿಗಳಿಗೆ ಸ್ಪೀಡ್ ಪೋಸ್ಟ್ ದರದಲ್ಲಿ ಶೇಕಡಾ 10 ಕಡಿಮೆ ಉಂಟು, ಐಡಿ ಕಾರ್ಡ್ ತೋರಿಸಿ ಕೇಳಿ.

ಸುರತ್ಕಲ್ಲಿನಿಂದ

ಮಂಗಳೂರು, ಉಡುಪಿ, ಕುಂದಾಪುರದ ಒಳಗೆ ಕಳಿಸುವುದಾದರೆ ನಾವು ಕೊರಿಯರ್ ಬಿಟ್ಟೇ ಬಿಟ್ಟಿದ್ದೇವೆ. ಗುರುತಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುವುದು. ಬಸ್ಸಿನ ಹೆಸರು, ಹೊರಟ ಹೊತ್ತು ಫೋನಿನಲ್ಲಿ ಹೇಳಿದರೆ ಆ ಕಡೆಯವರು ಸ್ಟಾಪಿನಲ್ಲಿ ನಿಂತು ತೆಗೆದುಕೊಳ್ಳುತ್ತಾರೆ. ಮಧ್ಯಾಹ್ನ ಕೊಟ್ಟದ್ದು ಸಂಜೆಯ ಚಹಾಕ್ಕೆ ಮೊದಲು ಸಿಗುತ್ತದೆ. ಚಿನ್ನ, ದುಡ್ಡು, ಮೂಲ ದಾಖಲೆ ಮಾತ್ರ ಹೀಗೆ ಕಳಿಸಬಾರದು. ದೂರದ ಊರಿಗೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಇದೆ. ರಸೀದಿ ಕೊಡುತ್ತಾರೆ, ಬಸ್ ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಳ್ಳಬೇಕು.

ಶಿರ್ವದಿಂದ, ಸೀರೆ ಮಾರುವವಳು

ಕಳಿಸುವವರ ಕಷ್ಟವೂ ಇದೇ. ನಾನು ಉಡುಪಿ ಕೈಮಗ್ಗದ ಸೀರೆ ಮಾರುತ್ತೇನೆ. 'ಡೋರ್ ಲಾಕ್ಡ್' ಅಂತ ಒಂದು ಸೀರೆ ವಾಪಸ್ ಬಂದರೆ ಹೋದ ಖರ್ಚೂ ಬಂದ ಖರ್ಚೂ ನನ್ನ ಮೇಲೆ. ಆ ಸೀರೆಯ ಹಿಂದೆ ನೇಯ್ದವರ ಎಷ್ಟೋ ದಿನದ ಕೆಲಸ ಉಂಟು. ಅದು ಯಾವುದೋ ಗೋಡೌನಿನ ನೆಲದಲ್ಲಿ ಒದ್ದೆಯಾಗಿ ಬಿದ್ದಿದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನಾನು ಮನೆಗೆ ಬಂದ ಮೇಲೆ ದುಡ್ಡು ಕೊಡುವ ಪದ್ಧತಿ ನಿಲ್ಲಿಸಿದೆ. ಕಳಿಸುವ ಮೊದಲು ಗ್ರಾಹಕರಿಗೆ ಫೋನ್ ಮಾಡಿ ಪಿನ್ ಕೋಡ್ ಮತ್ತೊಮ್ಮೆ ಓದಿ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಅದರ ಮೇಲೆ ರಟ್ಟಿನ ಡಬ್ಬಿ. ವಿಳಾಸದ ಚೀಟಿಯ ಮೇಲೆ ಪೂರ್ತಿ ಪಾರದರ್ಶಕ ಟೇಪ್. ಡಬ್ಬಿಯ ಒಳಗೂ ಒಂದು ವಿಳಾಸದ ಚೀಟಿ ಇಡುತ್ತೇನೆ, ಹೊರಗಿನದ್ದು ಹರಿದುಹೋದರೂ ತೆರೆದವರಿಗೆ ಯಾರದ್ದು ಅಂತ ತಿಳಿಯಲಿ.

ಮಳೆಗಾಲದಲ್ಲಿ ಘಾಟಿಯ ಸುದ್ದಿ ನೋಡದೆ ಯಾರಿಗೂ ದಿನ ಹೇಳಬೇಡಿ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನಿಂದ ಬರುವ ಲಾರಿಗಳೆಲ್ಲ ಸುತ್ತು ಹೊಡೆಯಬೇಕು. ಚಾರ್ಮಾಡಿಯ ತಿರುವುಗಳಲ್ಲಿ ದೊಡ್ಡ ಕಂಟೇನರ್ ತರುವುದು ಆಗುವ ಮಾತಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿ, ಸಂಪಾಜೆ ಎರಡೂ ಬಂದ್ ಆಗಿದ್ದವು. ಅಂಥ ದಿನಗಳ ತಡವನ್ನು ನಾನು ಯಾರ ತಪ್ಪು ಅಂತಲೂ ಹೇಳುವುದಿಲ್ಲ. ಆದರೆ ಮಂಗಳೂರಿಗೆ ಬಂದು ತಲುಪಿದ ಪಾರ್ಸೆಲ್ ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ ವಾಪಸ್ ಹೋದರೆ ಸುಮ್ಮನಿರಬಾರದು.

ಬಿಜೈಯಿಂದ

ಒಂದು ಎಚ್ಚರಿಕೆ. ಹೀಗೆ ಪಾರ್ಸೆಲ್ ಕಾಯುತ್ತಿರುವ ಹೊತ್ತಿಗೇ ಮೊಬೈಲಿಗೆ 'ನಿಮ್ಮ ವಿಳಾಸ ಅಪೂರ್ಣ, 48 ಗಂಟೆಯೊಳಗೆ ಈ ಲಿಂಕಿನಲ್ಲಿ ಸರಿಪಡಿಸಿ' ಅಂತ ಅಂಚೆಯ ಹೆಸರಿನಲ್ಲಿ ಮೆಸೇಜ್ ಬರುತ್ತದೆ. ಅದು ಮೋಸ. ಕೇಂದ್ರ ಸರ್ಕಾರದ ಸುದ್ದಿ ವಿಭಾಗವಾದ ಪಿಐಬಿಯೇ ಇದು ಸುಳ್ಳು ಅಂತ ಹೇಳಿದೆ. ಲಿಂಕ್ ಒತ್ತಿದರೆ ಸಣ್ಣ ಮೊತ್ತ ಕಟ್ಟಿ ಅಂತ ಕಾರ್ಡಿನ ವಿವರ ಕೇಳುತ್ತಾರೆ. ಮನೆಯ ಹಿರಿಯರಿಗೆ ಇದನ್ನು ಕೂರಿಸಿ ಹೇಳಿ. ಪಾರ್ಸೆಲ್ ಕೈಗೆ ಬರುವ ಮೊದಲು ಫೋನಿನಲ್ಲಿ ಯಾರಿಗೂ ಒಟಿಪಿ ಹೇಳಬಾರದು. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ವಾಪಸ್ ಸಿಗುವುದು ಕಷ್ಟ.

ಕುಲಶೇಖರದಿಂದ

ಅಂಚೆಯವರು 2025ರ ಮೇ ತಿಂಗಳಲ್ಲಿ ಡಿಜಿಪಿನ್ ಅಂತ ತಂದಿದ್ದಾರಲ್ಲ, ಹತ್ತು ಅಕ್ಷರದ್ದು. ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಜಾಗಕ್ಕೆ ಒಂದೊಂದು ಕೋಡ್. ಗುಡ್ಡದ ಮನೆಗಳಿಗೆ ಇದು ಒಳ್ಳೆಯದಲ್ವಾ? ಡೆಲಿವರಿಯವರು ಬಳಸ್ತಾರಾ?

ಪಡೀಲಿನಿಂದ, ಡೆಲಿವರಿ ಕೆಲಸ ಮಾಡುವವನು

ನನ್ನ ಆ್ಯಪಿನಲ್ಲಿ ಅದನ್ನು ಹಾಕುವ ಜಾಗ ಇಲ್ಲ. ಸದ್ಯಕ್ಕೆ ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸುವುದೇ ಸುಲಭ. ಬೆಳಿಗ್ಗೆ 'ಔಟ್ ಫಾರ್ ಡೆಲಿವರಿ' ಮೆಸೇಜಿನಲ್ಲಿ ನಮ್ಮ ನಂಬರ್ ಬಂದ ಕೂಡಲೇ ಕಳಿಸಿ. ಹತ್ತು ಗಂಟೆಯೊಳಗೆ ಕಳಿಸಿದರೆ ಆ ದಿನದ ದಾರಿ ಜೋಡಿಸುವಾಗ ನಿಮ್ಮ ಮನೆಯನ್ನೂ ಸೇರಿಸಲು ಆಗುತ್ತದೆ. ಮಧ್ಯಾಹ್ನದ ಮೇಲೆ ಬಂದರೆ ನಾವು ಆಗಲೇ ಬೇರೆ ಕಡೆ ಇರುತ್ತೇವೆ.