ಗಾಳದ ಕೋಲಿನ ‘ಪವರ್’ ಮತ್ತು ‘ಆಕ್ಷನ್’: ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮಿನೆಸೋಟದಲ್ಲಿರುವ ನಾವು ಕೆಲವು ಕನ್ನಡದ ಮನೆಯವರು ಬೇಸಿಗೆ ಬಂತೆಂದರೆ ಕೆರೆಗಳಲ್ಲಿ ಗಾಳ ಹಾಕುತ್ತೇವೆ. ಹೊಸದಾಗಿ ಕಲಿಯುವವರಿಗೆ ಕನ್ನಡದಲ್ಲೇ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪೈಕ್, ಮಸ್ಕಿ ಎರಡೂ ಮೀನಿಗೆ ಒದಗುವ ಒಂದೇ ಕೋಲು, ಒಂದೇ ರೀಲು ಆರಿಸಿಕೊಳ್ಳುವುದು ಹೇಗೆ ಎನ್ನುವುದು ಅದರ ವಿಷಯ. ಗಾಳ, ಎರೆ, ಬೆಂಡು, ದಾರ ಎಲ್ಲಕ್ಕೂ ಮಾತು ತಾನಾಗಿ ಬಂತು. ಕೋಲಿನ ಎರಡು ಗುಣಗಳ ಹತ್ತಿರ ಬರವಣಿಗೆ ನಿಂತಿದೆ. ಅಂಗಡಿಯವರು ಒಂದನ್ನು ಪವರ್ ಎನ್ನುತ್ತಾರೆ, ಇನ್ನೊಂದನ್ನು ಆಕ್ಷನ್. ಎರಡನ್ನೂ ನಾವು ಮಾತಿನಲ್ಲಿ ‘ಗಟ್ಟಿ’, ‘ಮೆದು’ ಎಂದೇ ಹೇಳಿಬಿಡುತ್ತೇವೆ. ಹಾಗೆ ಹೇಳಿದರೆ ಕೊಳ್ಳುವವರು ದಾರಿ ತಪ್ಪುತ್ತಾರೆ.

ಪವರ್ ಅಂದರೆ ಕೋಲನ್ನು ಬಗ್ಗಿಸಲು ಎಷ್ಟು ಭಾರ ಬೇಕು ಎಂಬುದು. ಆಕ್ಷನ್ ಅಂದರೆ ಬಗ್ಗುವಾಗ ಅದು ಎಲ್ಲಿ ಬಗ್ಗುತ್ತದೆ ಎಂಬುದು: ತುದಿಯಲ್ಲೋ, ನಡುವಿನಲ್ಲೋ, ಬುಡದವರೆಗೋ. ತುದಿಯಲ್ಲಿ ಮಾತ್ರ ಬಗ್ಗುವುದನ್ನು ಫಾಸ್ಟ್ ಎನ್ನುತ್ತಾರೆ, ಇಡೀ ಕೋಲು ಬಗ್ಗಿದರೆ ಸ್ಲೋ. ಇದನ್ನು ಕೆಲವರು ‘ವೇಗದ ಕೋಲು’, ‘ನಿಧಾನದ ಕೋಲು’ ಎಂದು ಬರೆದದ್ದನ್ನು ನೋಡಿದ್ದೇನೆ. ಅದು ಅರ್ಥವನ್ನೇ ಕೆಡಿಸುತ್ತದೆ. ವೇಗವಾಗಿ ಸುತ್ತುವುದು ರೀಲು, ಅದಕ್ಕೆ ಬೇರೆ ಲೆಕ್ಕವಿದೆ.

ನನಗೆ ಹೊಳೆದಿರುವ ಜೋಡಿ ಇದು: ಪವರ್‌ಗೆ ‘ಕಸುವು’, ಆಕ್ಷನ್‌ಗೆ ‘ಬಳುಕು’. ಆಗ ಫಾಸ್ಟ್ ಎನ್ನುವುದು ತುದಿಬಳುಕು, ಮಾಡರೇಟ್ ನಡುಬಳುಕು, ಸ್ಲೋ ಬುಡಬಳುಕು. ಹೆಸರಿನಲ್ಲೇ ಜಾಗ ಇರುವುದರಿಂದ ಓದಿದವರು ಅಂಗಡಿಗೆ ಹೋಗಿ ಕೋಲಿನ ತುದಿಯನ್ನು ಸೂರಿಗೆ ಒತ್ತಿ, ಎಲ್ಲಿ ಬಗ್ಗಿತು ಎಂದು ತಾವೇ ನೋಡಬಹುದು. ‘ಬಳುಕು’ ನನಗೆ ಬಹಳ ಹಿಡಿಸಿದೆ. ‘ಕಸುವು’ ಅಷ್ಟಾಗಿ ಒಗ್ಗಿಲ್ಲ. ಕಸುವು ಇರುವುದು ಮೀನಿಗೋ ಕೋಲಿಗೋ ಎಂಬ ಗೊಂದಲ ವಾಕ್ಯದಲ್ಲಿ ಎದ್ದೇ ಏಳುತ್ತದೆ. ‘ಬಿಗುವು’ ಎಂದರೆ ಹೇಗೆ?

ಇಲ್ಲಿ ಅಡಿಕೆ ಸೀಮೆಯವರನ್ನು ಕೇಳಬೇಕು ಅನ್ನಿಸುತ್ತಿದೆ. ಶಿರಸಿ, ಸಾಗರ, ಪುತ್ತೂರಿನ ಕಡೆ ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ, ಅಂದರೆ ಉದ್ದ ಗಳದಲ್ಲಿ, ಅಡಿಕೆ ಕೊನೆ ಕೊಯ್ಯುತ್ತಾರೆ, ಮದ್ದು ಹೊಡೆಯುತ್ತಾರೆ. ಒಳ್ಳೆಯ ಗಾಳದ ಕೋಲೂ ಅದೇ ನಾರಿನದು. ಉದ್ದ ದೋಟಿ ಮೇಲೆತ್ತಿದಾಗ ಒಂದು ನಡುವಿನಲ್ಲಿ ಓಲಾಡುತ್ತದೆ, ಇನ್ನೊಂದು ತುದಿಯಲ್ಲಷ್ಟೇ ತೂಗುತ್ತದೆ. ದಿನವಿಡೀ ಅದನ್ನು ಹಿಡಿಯುವ ಕೊನೆಗಾರರು ಈ ವ್ಯತ್ಯಾಸಕ್ಕೆ ಏನನ್ನುತ್ತಾರೆ? ಅವರಲ್ಲಿ ಮಾತಿದ್ದರೆ ನಾನು ಹೊಸದು ಕಟ್ಟುವುದಿಲ್ಲ, ಅದನ್ನೇ ತೆಗೆದುಕೊಳ್ಳುತ್ತೇನೆ.

ಎರಡು ಗುಣ ಯಾಕೆ ಬೇರೆಬೇರೆಯಾಗಿಯೇ ಇರಬೇಕು ಎಂಬುದಕ್ಕೆ ಕೈಪಿಡಿಯ ಒಳಗಿನದನ್ನು ಸ್ವಲ್ಪ ಹೇಳುತ್ತೇನೆ. ಪೈಕ್ ಮೀನಿಗೆ ಸಾಮಾನ್ಯವಾಗಿ ಒಂದೆರಡು ಔನ್ಸಿನ, ಅಂದರೆ 28ರಿಂದ 57 ಗ್ರಾಂ ತೂಕದ ಹುಸಿ ಎರೆ ಸಾಕು. ಮಸ್ಕಿಗೆ ಎಸೆಯುವವು ಮೂರು, ನಾಲ್ಕು, ಕೆಲವೊಮ್ಮೆ ಎಂಟು ಔನ್ಸು ಮೀರಿ ಹೋಗುತ್ತವೆ. ಬಿಗುವು ಕಡಿಮೆಯಾದರೆ ದೊಡ್ಡ ಎರೆಯನ್ನು ಬೀಸುವಾಗ ಕೋಲು ಸೋಲುತ್ತದೆ. ಬಿಗುವು ಅತಿಯಾದರೆ ಒಂದು ಔನ್ಸಿನ ಎರೆಗೆ ಕೋಲು ಬಗ್ಗುವುದೇ ಇಲ್ಲ, ಎರೆ ದೂರ ಹೋಗುವುದೂ ಇಲ್ಲ. ಎರಡಕ್ಕೂ ಒಂದೇ ಬೇಕೆನ್ನುವವರಿಗೆ ನನ್ನ ಸಲಹೆ: ಎಂಟೂವರೆ ಅಡಿಯ, ಬಿಗುವು ‘ಹೆವಿ’ ಎಂದು ಬರೆದಿರುವ, ತುದಿಬಳುಕಿನ ಕೋಲು. ಅದರ ಮೇಲೆ ನಮೂದಿಸಿದ ಎರೆಯ ತೂಕ ಒಂದೆರಡು ಔನ್ಸಿನೊಳಗೆ ಶುರುವಾಗಿರಬೇಕು. ‘ಎಕ್ಸ್‌ಟ್ರಾ ಹೆವಿ’ ಬೇಡ. ಅತಿ ದೊಡ್ಡ ರಬ್ಬರ್ ಎರೆಗಳನ್ನು ಆಗ ಬಿಟ್ಟುಕೊಡಬೇಕಾಗುತ್ತದೆ, ಬಿಟ್ಟುಕೊಡಿ. ತುದಿ ಬಳುಕುವುದರಿಂದ ಪೈಕಿನ ಎರೆಯನ್ನೂ ಅದು ಎಸೆಯುತ್ತದೆ, ಬುಡ ಬಿಗಿಯಾಗಿರುವುದರಿಂದ ಮಸ್ಕಿಯ ಗಡುಸು ದವಡೆಗೆ ಕೊಕ್ಕೆ ನಾಟುತ್ತದೆ. ಈ ಒಂದು ವಾಕ್ಯ ಬರೆಯುವುದಕ್ಕೇ ಎರಡು ಪದ ಬೇಕು ನೋಡಿ.

ಹಗುರ ಕೋಲಿನಲ್ಲಿ ಆಡಿಸಿ ಹಿಡಿಯುವುದರಲ್ಲೇ ಸೊಗಸು ಎನ್ನುವವರಿದ್ದಾರೆ. ಮಸ್ಕಿಯ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ಮಿನೆಸೋಟದ ಹೆಚ್ಚಿನ ಕೆರೆಗಳಲ್ಲಿ 54 ಇಂಚಿಗಿಂತ ಗಿಡ್ಡ ಮಸ್ಕಿಯನ್ನು ಬಿಡಲೇಬೇಕು, ಉದ್ದದ್ದನ್ನೂ ಬಹುತೇಕ ಎಲ್ಲರೂ ಬಿಡುತ್ತಾರೆ. ಬಹಳ ಹೊತ್ತು ಹೋರಾಡಿ ಸುಸ್ತಾದ ಮೀನು, ಅದರಲ್ಲೂ ನೀರು ಬೆಚ್ಚಗಿರುವಾಗ, ಬಿಟ್ಟಮೇಲೂ ಸಾಯಬಹುದು. ಬೇಗ ದಡ ಸೇರಿಸುವ ಸಲಕರಣೆ ಹಿಡಿಯುವುದು ಮೀನಿಗೆ ನಾವು ಕೊಡಬೇಕಾದ ಮರ್ಯಾದೆ.

ರೀಲಿಗೆ ರೀಲು ಎಂದೇ ಇಟ್ಟಿದ್ದೇನೆ. ನೂಲಿನ ರೀಲು ನಮ್ಮ ಮನೆಗಳಲ್ಲಿ ಎಂದಿನಿಂದಲೂ ಇದೆ. ಈ ಕೆಲಸಕ್ಕೆ ಬೇಕಾದದ್ದು ಉರುಳೆ ತಾನೇ ತಿರುಗುವ ಕಾಸ್ಟಿಂಗ್ ರೀಲು, 300 ಅಥವಾ 400ರ ಅಳತೆಯದು. ಹಿಡಿ ಒಂದು ಸುತ್ತು ಸುತ್ತಿದಾಗ ಉರುಳೆ ಆರರ ಆಸುಪಾಸು ಸುತ್ತು ತಿರುಗುವಂತಿದ್ದರೆ ಒಳ್ಳೆಯದು. ಇದಕ್ಕೆ ‘ಸುತ್ತಿನ ಲೆಕ್ಕ’ ಎಂದು ಬರೆದಿದ್ದೇನೆ. ಆ ಲೆಕ್ಕ ತೀರ ಹೆಚ್ಚಾದರೆ ದೊಡ್ಡ ಬಿಲ್ಲೆಗಳ ಬಕ್‌ಟೇಲ್ ಎಂಬ ಹುಸಿ ಎರೆ ಎಳೆಯುವಾಗ ಕೈ ಸೋಲುತ್ತದೆ, ತೀರ ಕಡಿಮೆಯಾದರೆ ಸಡಿಲವಾದ ದಾರವನ್ನು ಸಮಯಕ್ಕೆ ಸುತ್ತಿಕೊಳ್ಳಲಾಗದು. ದಾರ 65ರಿಂದ 80 ಪೌಂಡು ಎಳೆತ ತಡೆಯುವ ಹೆಣೆದ ದಾರ. ಎಸೆಯುವಾಗ ದಾರ ಹೋಗುವುದಕ್ಕಿಂತ ಜೋರಾಗಿ ಉರುಳೆ ತಿರುಗಿ ಗಂಟುಗಂಟಾಗುವುದಕ್ಕೆ ‘ಸಿಕ್ಕು ಬೀಳುವುದು’. ಇದರ ಬಗ್ಗೆ ಚರ್ಚೆಯೇ ಬೇಡ.

ದಾರದ ಕೊನೆಗೂ ಎರೆಗೂ ನಡುವೆ ಕಟ್ಟುವ ಒಂದಡಿಗೆ ಮೀರಿದ ಉಕ್ಕಿನ ತಂತಿ ಅಥವಾ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ಕಿನ ದಪ್ಪ ದಾರದ ತುಂಡಿಗೆ, ಅಂದರೆ ಲೀಡರ್‌ಗೆ, ‘ಮುನ್ನೂಲು’ ಎಂದಿದ್ದೇನೆ. ಈ ಮೀನುಗಳ ಹಲ್ಲಿಗೆ ಬರಿಯ ದಾರ ನಿಲ್ಲುವುದಿಲ್ಲ. ತಂತಿಯನ್ನು ನೂಲು ಎನ್ನಬಹುದೇ ಎಂದು ಒಬ್ಬ ಗೆಳತಿ ಕೇಳಿದ್ದಾರೆ. ನಿಮಗೇನನ್ನಿಸುತ್ತದೆ?

ಡ್ರ್ಯಾಗ್ ಎಂಬುದಕ್ಕೆ ‘ಪಟ್ಟು’ ಎನ್ನುವ ಆಸೆ ನನಗೆ. ಮೀನು ಇಂತಿಷ್ಟು ಬಲದಿಂದ ಎಳೆದರೆ ಮಾತ್ರ ರೀಲು ದಾರ ಬಿಟ್ಟುಕೊಡುವಂತೆ ಬಿಗಿ ಮಾಡುವ ಏರ್ಪಾಡು ಅದು. ‘ಪಟ್ಟು ಬಿಗಿಮಾಡಿ’, ‘ಪಟ್ಟು ಸಡಿಲಿಸಿ’ ಎಂದರೆ ಯಾರಿಗೆ ತಾನೇ ತಿಳಿಯುವುದಿಲ್ಲ? ಆದರೆ ಕಾವೇರಿಯಲ್ಲಿ, ಭೀಮೇಶ್ವರಿಯ ಸುತ್ತಮುತ್ತ, ಮಹಸೀರ್ ಹಿಡಿಯಲು ಬಂದವರ ಜೊತೆ ನಿಂತು ದುಡಿದ ಸ್ಥಳೀಯರು ಇದಕ್ಕೆ ಏನನ್ನುತ್ತಿದ್ದರು ಎಂಬುದು ಸಿಕ್ಕರೆ ಅದೇ ಮೇಲು. ಮಹಸೀರ್ ಕಚ್ಚಿದ ಮೇಲೆ ಹೊಳೆಯ ಸೆಳವಿನಲ್ಲಿ ದೂರ ಓಡುತ್ತದೆ. ದಾರ ಬಿಡುವುದು, ತಡೆಯುವುದು ಅಲ್ಲಿ ಗಳಿಗೆಗಳಿಗೆಯ ಕೆಲಸ. ಮಸ್ಕಿ ಅಷ್ಟು ಓಡುವುದಿಲ್ಲ, ದೋಣಿಯ ಪಕ್ಕದಲ್ಲೇ ಕೊಸರಾಡುತ್ತದೆ, ಆದ್ದರಿಂದ ಇಲ್ಲಿ ಪಟ್ಟು ಬಿಗಿಯಾಗಿಯೇ ಇರುತ್ತದೆ. ಹೊಳೆಯ ಜನರಲ್ಲಿ ಇದಕ್ಕೆ ಒಂದಲ್ಲ, ನಾಲ್ಕು ಮಾತು ಇದ್ದಿರಬೇಕು.

ಇನ್ನೆರಡು ಸಣ್ಣ ಸಂಗತಿ. ಮಸ್ಕಿ ಎರೆಯ ಹಿಂದೆಯೇ ದೋಣಿಯವರೆಗೆ ಬಂದು ಕಚ್ಚದೆ ನಿಲ್ಲುವುದುಂಟು. ಆಗ ಕೋಲಿನ ತುದಿಯನ್ನು ನೀರೊಳಗಿಟ್ಟು ದೊಡ್ಡದಾಗಿ ಎಂಟರ ಆಕಾರದಲ್ಲಿ ಎರೆಯನ್ನು ತಿರುಗಿಸಬೇಕು. ಉದ್ದ ಕೋಲು ಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ‘ಎಂಟು ಬರೆಯಿರಿ’ ಎಂದರೆ ನಮ್ಮ ೮ ಅಲ್ಲ, ಎರಡು ಕಡೆಯೂ ಮುಚ್ಚಿದ 8 ಎಂದು ಹೇಳಲೇಬೇಕಾಗುತ್ತದೆ. ಕನ್ನಡದ ಅಂಕಿ ಹಾಗೆ ಮುಚ್ಚಿಕೊಂಡಿಲ್ಲ, ಹಾಗೆ ತಿರುಗಿಸಿದರೆ ಎರೆ ಸುತ್ತು ಮುಗಿಸದೆ ಹೊರಗೆ ಹೋಗುತ್ತದೆ. ಪಕ್ಕದಲ್ಲಿ ಚಿತ್ರ ಹಾಕುತ್ತಿದ್ದೇನೆ.

ಇನ್ನೊಂದು, ಮೀನಿನ ಹೆಸರು. ‘ಮಸ್ಕಿ’ ಎಂದು ಬರೆದರೆ ನಮ್ಮವರಿಗೆ ಮೊದಲು ನೆನಪಾಗುವುದು ಅಶೋಕನ ಶಾಸನ ಸಿಕ್ಕ ರಾಯಚೂರು ಸೀಮೆಯ ಊರು. ಆದರೂ ಹೆಸರನ್ನು ಬದಲಿಸಲು ಮನಸ್ಸಿಲ್ಲ. ಮಸ್ಕೆಲಂಜ್ ಎಂಬ ಪೂರ್ತಿ ಹೆಸರು ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ‘ಮಾಶ್ಕಿನೂಝೆ’ಯಿಂದ ಬಂದದ್ದು, ಪೈಕ್ ಅವರ ಮಾತಿನಲ್ಲಿ ‘ಗಿನೂಝೆ’. ಎರಡೂ ಒಂದೇ ಕುಲದವು ಎಂಬುದು ಆ ಹೆಸರುಗಳಲ್ಲೇ ಇದೆ. ಮೊದಲ ಸಲಕ್ಕೆ ‘ಮಸ್ಕಿ ಮೀನು’ ಎಂದು ಬರೆದು ಮುಂದೆ ಬರಿ ಮಸ್ಕಿ ಎಂದರೆ ಸಾಕಲ್ಲವೇ?

ಇಲ್ಲಿ ಪೈಕಿನ ಋತು ಮೇ ನಡುವಿಗೆ ತೆರೆಯುತ್ತದೆ, ಮಸ್ಕಿಯದು ಜೂನ್ ತಿಂಗಳ ಮೊದಲ ಶನಿವಾರ. ಏಪ್ರಿಲ್ ಮುಗಿಯುವುದರೊಳಗೆ ಕೈಪಿಡಿ ಎಲ್ಲರ ಕೈಸೇರಬೇಕು. ಮುಖ್ಯವಾಗಿ ಪವರ್ ಎನ್ನುವುದಕ್ಕೆ ಕಸುವೋ ಬಿಗುವೋ, ಡ್ರ್ಯಾಗ್ ಎನ್ನುವುದಕ್ಕೆ ಪಟ್ಟು ಒಪ್ಪುತ್ತದೆಯೋ ತಿಳಿಸಿ. ನಿಮ್ಮ ಊರಿನ ಮಾತಾದರೆ ಯಾವ ಊರು, ಯಾವ ಕೆಲಸದವರ ಬಾಯಲ್ಲಿ ಕೇಳಿದ್ದು ಎಂಬುದನ್ನೂ ಬರೆಯಿರಿ.