ಸಮುದ್ರದಲ್ಲಿ ಹಿಡಿದ ಸಾಲ್ಮನ್, ಯಾವ ನದಿಯದ್ದು ಎಷ್ಟು ಪಾಲು? ತಜ್ಞರಿಗೆ ಪ್ರಶ್ನೆಗಳು

ಸದಸ್ಯ 1: ಸರ್, ಮಿಶ್ರ ಸ್ಯಾಂಪಲ್‌ಗೆ (ಹಲವು ನದಿಗಳ ಮೀನು ಕಲೆತದ್ದು) ಎಷ್ಟು ಮೀನು ಬೇಕು?

ತಜ್ಞ: 200 ಇದ್ದರೆ 100ರಲ್ಲಿ 95 ಸಲ ಅಂದಾಜು ಹೆಚ್ಚೆಂದರೆ 7 ಶೇಕಡಾ ಅಂಶ ಆಚೀಚೆ, 400ಕ್ಕೆ 5. ನದಿಗಳ ಡಿಎನ್‌ಎ ಚೆನ್ನಾಗಿ ಬೇರೆ ಬೇರೆ ಇದ್ದರೆ ಮಾತ್ರ.

ಸಂಶೋಧನಾ ವಿದ್ಯಾರ್ಥಿನಿ: ಸರ್, 190 ಮೀನು, ಐದು ನದಿಗಳ ಬೇಸ್‌ಲೈನ್ (ಆಯಾ ನದಿಯಲ್ಲೇ ಹಿಡಿದ ಮೀನುಗಳ ಡಿಎನ್‌ಎ ಪಟ್ಟಿ). ಪಾಲು ಲೆಕ್ಕ ಹಾಕುವ ರೂಬಿಯಾಸ್ ಪ್ರೋಗ್ರಾಂನಲ್ಲಿ ಹಾಕಿದೆ. ಚಿಕ್ಕ ನದಿಯೊಂದಕ್ಕೆ 31% ಬಂತು. ಅಲ್ಲಿ ಈ ವರ್ಷ ಮೀನೇ ಕಡಿಮೆ. ಆದರೆ ಅದಕ್ಕೆ ಬಿದ್ದ ಮೀನುಗಳಿಗೆಲ್ಲ 0.99 ಸಂಭವನೀಯತೆ ಇದೆ.

ತಜ್ಞ: ಝಡ್-ಸ್ಕೋರ್ ನೋಡಿದಿರಾ? ಮೀನು ಆ ನದಿಗೆ ನಿಜವಾಗಿ ಹೊಂದುತ್ತದೆಯೇ ಅಂತ ಅದು ಹೇಳುತ್ತದೆ, ಸೊನ್ನೆಗಿಂತ ತುಂಬಾ ಕೆಳಗಿದ್ದರೆ ಹೊಂದುವುದಿಲ್ಲ. ಪ್ರತಿ ನದಿಯ ಬೇಸ್‌ಲೈನ್‌ನಲ್ಲಿ ಎಷ್ಟು ಮೀನು?

ವಿದ್ಯಾರ್ಥಿನಿ: ಆ ನದಿಗೆ 30, ಉಳಿದವಕ್ಕೆ 150. ಆ 59 ಮೀನಿನಲ್ಲಿ 41ಕ್ಕೆ ಝಡ್ ಮೈನಸ್ 4ಕ್ಕಿಂತ ಕೆಳಗೆ.

ಸದಸ್ಯ 2: ಬೇರೆ ಗ್ರೂಪ್‌ನಲ್ಲಿ ಬಂದದ್ದು: ಸಂಭವನೀಯತೆ 80%ಗಿಂತ ಕಡಿಮೆ ಇರುವ ಮೀನು ತೆಗೆದುಹಾಕಿ, ಉಳಿದದ್ದನ್ನು ಎಣಿಸಿದರೆ ಆಯ್ತು.

ತಜ್ಞ: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ಗೊಂದಲ ಆಗುವುದು ಒಂದನ್ನೊಂದು ಹೋಲುವ ನದಿಗಳ ಮೀನುಗಳಲ್ಲೇ. ಅವನ್ನೇ ಕಿತ್ತರೆ ಆ ನದಿಗಳ ಪಾಲು ಕುಸಿಯುತ್ತದೆ, ಬೇರೆಯಾಗಿ ಕಾಣುವ ನದಿಯದ್ದು ಉಬ್ಬುತ್ತದೆ.

ತಜ್ಞ (ವಿದ್ಯಾರ್ಥಿನಿಗೆ): ನಿಮ್ಮ ಕೇಸ್ ನನಗೆ ಚಿಂತೆ ತಂದಿದೆ. 0.99 ಅಂದರೆ ಐದು ನದಿಗಳ ನಡುವಿನ ಹೋಲಿಕೆ ಅಷ್ಟೇ. ಆರನೆಯ ನದಿಯ ಮೀನು ಬಂದರೂ ಪ್ರೋಗ್ರಾಂ ಅದನ್ನು ಐದರಲ್ಲೊಂದಕ್ಕೆ ಕೊಟ್ಟೇ ಕೊಡುತ್ತದೆ. ಯಾವುದಕ್ಕೆ ಅಂತ ನೋಡಿ. ಒಂದು ಮೀನಿನಲ್ಲಿ 188 ಅನ್ನುವ ಅಲೀಲ್ (ಡಿಎನ್‌ಎಯ ಒಂದು ಜಾಗದಲ್ಲಿ ಕಾಣುವ ರೂಪ, ಉದ್ದದ ಸಂಖ್ಯೆಯಿಂದ ಗುರುತಿಸುವುದು) ಇದೆ, ಐದರಲ್ಲೂ ಕಂಡಿಲ್ಲ ಅನ್ನಿ. ಕಾಣದ ಅಲೀಲ್‌ಗೂ ಪ್ರೋಗ್ರಾಂ ಒಂದು ಸಣ್ಣ ತೂಕ ಇಟ್ಟಿರುತ್ತದೆ. ಒಂದೊಂದು ಮೀನಿನಲ್ಲೂ ಎರಡು ಪ್ರತಿ ಇರುವುದರಿಂದ 30 ಮೀನು ಅಂದರೆ 60 ಪ್ರತಿ, 150 ಅಂದರೆ 300. ಕಡಿಮೆ ನೋಡಿದ ನದಿಯಲ್ಲಿ ಆ ತೂಕ ಸುಮಾರು 5 ಪಟ್ಟು ಜಾಸ್ತಿ. ಇಂಥ ಅಲೀಲ್ ಮೂರು ಲೋಕಸ್‌ಗಳಲ್ಲಿ (ಡಿಎನ್‌ಎಯ ಜಾಗಗಳಲ್ಲಿ) ಇದ್ದರೆ ಸುಮಾರು 120 ಪಟ್ಟು. ಹೀಗೆ ಊರು ಗೊತ್ತಿಲ್ಲದ ಮೀನೆಲ್ಲ ಆ ಚಿಕ್ಕ ನದಿಗೇ ಸೇರುತ್ತದೆ.

ಆ 41 ಮೀನುಗಳ ಅಲೀಲ್ ಪಟ್ಟಿ ತೆಗೆದು ಒಂದೊಂದಾಗಿ ನೋಡಿ. ಒಂದೇ ಲೋಕಸ್‌ನಲ್ಲಿ ಎಲ್ಲವೂ 2 ಬೇಸ್ (ಡಿಎನ್‌ಎ ಅಕ್ಷರ) ಜರುಗಿದ್ದರೆ ಎರಡು ಲ್ಯಾಬ್‌ಗಳ ಓದಿನ ವ್ಯತ್ಯಾಸ. ತುಂಬಾ ಲೋಕಸ್‌ಗಳಲ್ಲಿ ಹರಡಿದ್ದರೆ ಯಾವುದೋ ನದಿ ಬೇಸ್‌ಲೈನ್‌ನಲ್ಲಿ ಬಿಟ್ಟುಹೋಗಿದೆ. ಅದರ ಸ್ಯಾಂಪಲ್ ಸಿಗುವವರೆಗೆ 31% ಅಂತ ವರದಿಗೆ ಹಾಕಬೇಡಿ. ಆ ನದಿಯಲ್ಲಿ ಮೀನು ಹಿಡಿಯಲು ಯಾರೋ ಅದನ್ನೇ ನಂಬಿ ಅನುಮತಿ ಕೊಡುತ್ತಾರೆ.

ಸದಸ್ಯ 3: ಇದಕ್ಕೆಲ್ಲ ಅಲಾಸ್ಕದವರ ಹಳೆ ಸ್ಪ್ಯಾಮ್ ಪ್ರೋಗ್ರಾಂ ಸಾಕಿತ್ತು.

ಸದಸ್ಯ 4: ಅದು ಗರಿಷ್ಠ ಸಂಭಾವ್ಯತೆ ವಿಧಾನ, ಕಂಡ ಮೀನುಗಳಿಗೆ ಹೆಚ್ಚು ಹೊಂದುವ ಪಾಲನ್ನೇ ಆರಿಸುವುದು. ಕಾಣದ ಅಲೀಲ್‌ಗೆ ಸೊನ್ನೆ. 2001ರಲ್ಲೇ ಪೆಲ್ಲಾ ಮತ್ತು ಮಸುದಾ ಕಾಣದ ಅಲೀಲ್‌ಗೂ ಸಣ್ಣ ತೂಕ ಇಡುವ ಬೇಸಿಯನ್ ದಾರಿ ತೋರಿಸಿದ್ದಾರೆ.

ಸದಸ್ಯ 3: ಸ್ಪ್ಯಾಮ್‌ನ 3.7 ಆವೃತ್ತಿಯಲ್ಲಿ ಬೇಸಿಯನ್ ಮಾದರಿ ಸೇರಿಸಿದ್ದಾರೆ. ಓದಿ ಮಾತಾಡಿ.

ಸದಸ್ಯ 4: ನೀವು ಒಂದೇ ಚೈನ್ (ಬೇಸಿಯನ್ ಲೆಕ್ಕದ ಒಂದು ಓಟ) ಓಡಿಸಿ ಉತ್ತರ ಬರೆಯುವವರು. ನನಗೆ ಓದು ಅನ್ನಬೇಡಿ.

ತಜ್ಞ: ಸಾಕು ಇಬ್ಬರೂ. ಬೇಸ್‌ಲೈನ್‌ನಲ್ಲಿ ನದಿಯೇ ಇಲ್ಲದಿದ್ದರೆ ಎರಡೂ ತಪ್ಪು ಹೇಳುತ್ತವೆ. ಚೈನ್ ಮಾತ್ರ ಬೇರೆ ಬೇರೆ ಆರಂಭದಿಂದ ಹಲವು ಓಡಿಸಿ, ಎಲ್ಲ ಓಟಗಳೂ ಒಂದೇ ಉತ್ತರಕ್ಕೆ ಬಂದಿವೆಯೇ ಅಂತ ತೋರಿಸುವ ಗೆಲ್ಮನ್-ರೂಬಿನ್ ಸಂಖ್ಯೆ 1.2ರ ಒಳಗಿರಲಿ.

ಸದಸ್ಯ 5: ಮೀನಿನ ವಯಸ್ಸೂ ಸೇರಿಸಿ ಲೆಕ್ಕ ಹಾಕಬಹುದಾ ಸರ್?

ಸದಸ್ಯ 6: ಸರ್, ಎಷ್ಟು ಮೀನು ಬೇಕು?

ತಜ್ಞ: ಮೊದಲನೇ ಉತ್ತರ ನೋಡಿ.

ವಿದ್ಯಾರ್ಥಿನಿ: ಪಟ್ಟಿ ತೆಗೆದೆ ಸರ್. ಒಂಬತ್ತು ಲೋಕಸ್‌ಗಳಲ್ಲಿ ಹರಡಿದೆ.

ತಜ್ಞ: ಹಾಗಾದರೆ ನದಿ ಹುಡುಕಿ. ನಕ್ಷೆ ಕಳಿಸಿ, ಕೂತು ನೋಡೋಣ.