ಬೆರಿಯಾ ಕೋರ್: ನಾನು ಹಾಕದ ಕ್ಯಾಲ್ಸಿಯಂ ಎಲ್ಲಿಂದ ಬಂತು?

ಕೋರ್‌ಹುಡುಗ:
ಎರಡು ವಾರದಿಂದ ತಲೆ ಕೆಟ್ಟಿದೆ. ಕಲ್ಲಿನಲ್ಲಿ ಸಿಕ್ಕ ಎಣ್ಣೆಯನ್ನು ಸೋಪಿನಂಥ ದ್ರವದಿಂದ ಹೊರತರುವ ಪ್ರಯೋಗ. ಬೆರಿಯಾ ಮರಳುಗಲ್ಲಿನ ಕೋರ್ (ಕೊರೆದು ತೆಗೆದ ಕಂಬದಂಥ ತುಂಡು), 30 ಸೆಂ.ಮೀ. ಉದ್ದ, 3.8 ಸೆಂ.ಮೀ. ವ್ಯಾಸ, ಪೋರ್ ವಾಲ್ಯೂಮ್ (ಒಳಗಿನ ರಂಧ್ರಗಳ ಒಟ್ಟು ಗಾತ್ರ) 68 ಮಿ.ಲೀ. ಮೊದಲು ತುಂಬಿಸಿದ ನೀರಿನಲ್ಲಿ ಶೇ 1.5 ಉಪ್ಪು, ಲೀಟರಿಗೆ 400 ಮಿ.ಗ್ರಾಂ. ಕ್ಯಾಲ್ಸಿಯಂ. ಎಣ್ಣೆ ತುಂಬಿಸಿ, ನೀರು ಹಾಯಿಸಿ, ಆಮೇಲೆ ಶೇ 0.5 ಸೋಡಿಯಂ ಕ್ಲೋರೈಡ್‌ನಲ್ಲಿ ನಾಲ್ಕು ಪೋರ್ ವಾಲ್ಯೂಮ್ ತೊಳೆದೆ. ಕ್ಯಾಲ್ಸಿಯಂ 40ಕ್ಕೆ ಇಳಿದು ಅಲ್ಲೇ ನಿಂತಿತು. ನಂತರ ಶೇ 4 ಪೆಟ್ರೋಲಿಯಂ ಸಲ್ಫೊನೇಟ್ (ಎಣ್ಣೆ ಬಿಡಿಸುವ ಸೋಪಿನಂಥ ಸರ್ಫ್ಯಾಕ್ಟಂಟ್) ಬಿಟ್ಟೆ. ಅದು ಹೊರಬರುವಾಗ ಕ್ಯಾಲ್ಸಿಯಂ 180! ಎಣ್ಣೆಯೂ ಸರಿಯಾಗಿ ಬರಲಿಲ್ಲ. ಟ್ಯೂಬಿನಲ್ಲಿ ಎಣ್ಣೆ ಜೊತೆ ಕಲಕಿದಾಗ ಇದೇ ದ್ರವ ಎಣ್ಣೆ, ನೀರು ಎರಡೂ ಬೆರೆತ ಒಳ್ಳೆ ಮಧ್ಯದ ಪದರ ಕೊಟ್ಟಿತ್ತು. ಇಲ್ಲಿ ಸಲ್ಫೊನೇಟ್ ಎಲ್ಲಾ ಎಣ್ಣೆಗೇ ಹೋಗಿ ಸೇರಿದೆ. ಸಲ್ಫೊನೇಟ್ ಡಬ್ಬದಲ್ಲೇ ಕಲಬೆರಕೆ ಇದೆಯಾ?

ಮಧ್ಯಾಹ್ನದಕಾಫಿ:
ಕಲ್ಲಿನಲ್ಲಿ ಕಾರ್ಬೊನೇಟ್ ಇದ್ದು ಕರಗಿರಬಹುದು. ಪುಡಿಗೆ ಆಸಿಡ್ ಹಾಕಿ ನೋಡಿದಿರಾ?

ಕೋರ್‌ಹುಡುಗ:
ಬಿಸಿ ಆಸಿಡ್‌ನಲ್ಲೂ ನೊರೆ ಬರಲಿಲ್ಲ. ಬೈಕಾರ್ಬೊನೇಟ್ ಕೂಡ ಏರಿಲ್ಲ.

ಜೇಡಿಮಾವ:
ಸಲ್ಫೊನೇಟನ್ನು ಯಾವ ಉಪ್ಪುನೀರಿನಲ್ಲಿ ಕಲಸಿದಿರಿ? ಉಪ್ಪು ಏರಿಸಿದ್ದರೆ ಅಷ್ಟಕ್ಕೇ ಕ್ಯಾಲ್ಸಿಯಂ ಏರುತ್ತದೆ.

ಕೋರ್‌ಹುಡುಗ:
ಅದೇ ಶೇ 0.5, ಸರ್. ಕೋರ್‌ಗೆ ಬಿಡುವ ಮುಂಚೆ ಟೈಟ್ರೇಷನ್ ಮಾಡಿದ್ದೆ, ಕ್ಯಾಲ್ಸಿಯಂ ಇರಲಿಲ್ಲ.

ಜೇಡಿಮಾವ:
ಹಾಗಾದರೆ ಸುಮ್ನೆ ಡಬ್ಬಕ್ಕೆ ಬೈಯಬೇಡಿ. ಇದು ಕಲ್ಲಿನೊಳಗಿನ ಜೇಡಿಯ ಕೆಲಸ.

ಮನೆಯಲ್ಲಿ ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಇದ್ದರೆ ನೋಡಿರುತ್ತೀರಿ. ರೆಸಿನ್ ಸೋತಾಗ ಗಟ್ಟಿ ಉಪ್ಪುನೀರು ಹಾಕುತ್ತೇವೆ, ಅಲ್ವಾ? ತೆಳು ಉಪ್ಪುನೀರಿಗೆ ಅದು ಬಗ್ಗುವುದಿಲ್ಲ. ಜೇಡಿಯದ್ದೂ ಅದೇ ಬುದ್ಧಿ. ನೀರಿನಲ್ಲಿ ಉಪ್ಪು ಕಮ್ಮಿಯಾದಷ್ಟೂ ಎರಡು ಚಾರ್ಜಿನ ಕ್ಯಾಲ್ಸಿಯಂ ಮೇಲೆ ಅದರ ಹಿಡಿತ ಜಾಸ್ತಿ. ನೀವು ತೊಳೆದದ್ದು ರಂಧ್ರದಲ್ಲಿದ್ದ ನೀರನ್ನು. ಜೇಡಿ ಹೆಚ್ಚುಕಡಿಮೆ ಹಾಗೇ ಉಳಿದಿದೆ.

ಲೆಕ್ಕ ಹಾಕಿ. ರಂಧ್ರದ ನೀರಿನಲ್ಲಿದ್ದ ಕ್ಯಾಲ್ಸಿಯಂ ಸುಮಾರು 1.4 ಮಿಲಿ ಇಕ್ವಿವಲೆಂಟ್ (ಚಾರ್ಜ್ ಲೆಕ್ಕದ ಅಳತೆ). ಕೋರ್ ತೂಕ 700 ಗ್ರಾಂ ಚಿಲ್ಲರೆ ಇರುತ್ತದೆ. 100 ಗ್ರಾಂಗೆ ಬರೀ 0.5 ಅಂತ ಹಿಡಿದರೂ ಜೇಡಿಯಲ್ಲಿ 3.5ರಷ್ಟು ಜಾಗ ಇದೆ.

ಇನ್ನು ಮೈಸೆಲ್, ಅಂದರೆ ಸಲ್ಫೊನೇಟ್ ಅಣುಗಳು ನೀರಿನಲ್ಲಿ ಕಟ್ಟಿಕೊಳ್ಳುವ ಪುಟ್ಟ ಗುಂಪು. ಅದರ ಮೈಯೆಲ್ಲಾ ಋಣ ಚಾರ್ಜ್. ಒಂಥರಾ ಓಡಾಡುವ ಜೇಡಿ ಅಂದುಕೊಳ್ಳಿ. ನೀರಿನಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಅನ್ನು ಅದು ಹಿಡಿಯುತ್ತದೆ. ಆ ಕೊರತೆ ತುಂಬಲು ಕಲ್ಲಿನ ಜೇಡಿ ಇನ್ನಷ್ಟು ಬಿಡುತ್ತದೆ. ಇಡಿಟಿಎ (ಕ್ಯಾಲ್ಸಿಯಂ ಹಿಡಿಯುವ ರಾಸಾಯನಿಕ) ಟೈಟ್ರೇಷನ್ ಬಿಡಿಯಾದದ್ದು, ಅಂಟಿದ್ದು ಎರಡನ್ನೂ ಕೂಡಿಸಿ ತೋರಿಸುತ್ತದೆ. ನಿಮ್ಮ 180ರಲ್ಲಿ ಬಹುಪಾಲು ಅಂಟಿದ್ದೇ. ಎಣ್ಣೆ ಹೊರತೆಗೆಯುವ ವಿಧಾನಗಳ ಸಂಶೋಧಕ ಜಾರ್ಜ್ ಹಿರಾಸಾಕಿ 1982ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಕ್ಯಾಲ್ಸಿಯಂ ಅಂಟಿದ ಸಲ್ಫೊನೇಟ್‌ಗೆ ನೀರು ಒಗ್ಗುವುದಿಲ್ಲ, ಎಣ್ಣೆಗೆ ಓಡುತ್ತದೆ. ಗಡಸು ನೀರಿನಲ್ಲಿ ಸೋಪು ಕೆಡುವುದರ ಅಣ್ಣತಮ್ಮ ಇದು.

ಮುಂದಿನ ಕೋರನ್ನು ಕ್ಯಾಲ್ಸಿಯಂ ಇಲ್ಲದ ಶೇ 3 ಉಪ್ಪುನೀರಿನಲ್ಲಿ ಎರಡು ಪೋರ್ ವಾಲ್ಯೂಮ್ ತೊಳೆಯಿರಿ. ಆದರೆ ಅಲ್ಲಿಂದ ನೇರ 0.5ಕ್ಕೆ ಇಳಿಯಬೇಡಿ. ಸೋಡಿಯಂ ತುಂಬಿದ ಜೇಡಿ ತೆಳು ನೀರು ಕಂಡರೆ ಕಿತ್ತುಬಂದು ರಂಧ್ರದ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನಾನು ಹೀಗೇ ಒಂದು ಕೋರ್ ಕಳೆದುಕೊಂಡಿದ್ದೇನೆ. 2, 1, 0.5 ಅಂತ ಮೆಟ್ಟಿಲು ಇಳಿಯಿರಿ, ಒತ್ತಡದ ಮೇಲೆ ಕಣ್ಣಿಡಿ.

ಮಧ್ಯಾಹ್ನದಕಾಫಿ:
ಎಣ್ಣೆ ಬಾವಿಯಲ್ಲಿ ಇಷ್ಟೆಲ್ಲಾ ತೊಳೆಯೋಕಾಗುತ್ತಾ?

ಜೇಡಿಮಾವ:
ಎಲ್ಲಿ ಸಾಧ್ಯ! ಅಲ್ಲಿಗಾದರೆ ಟ್ಯೂಬ್ ಪರೀಕ್ಷೆಯಲ್ಲೇ ಕ್ಯಾಲ್ಸಿಯಂ ಸೇರಿಸಿ ನೋಡಬೇಕು. ಸರ್ಫ್ಯಾಕ್ಟಂಟ್ ಹಿಂದೆ ಕಡಿಮೆ ಉಪ್ಪಿನ ಪಾಲಿಮರ್ ನೀರು ಕಳಿಸಬೇಕು.

ಕೋರ್‌ಹುಡುಗ:
ಹೊಸ ಕೋರ್ ಮುಗಿಯಿತು. ಶೇ 3ರ ಮೊದಲ ಪೋರ್ ವಾಲ್ಯೂಮ್‌ನಲ್ಲೇ ಕ್ಯಾಲ್ಸಿಯಂ ಭರ್ರನೆ ಬಂತು. ಸಲ್ಫೊನೇಟ್ ಜೊತೆ ಬಂದದ್ದು 25 ಅಷ್ಟೇ, ಎಣ್ಣೆಯೂ ಬಂತು. 0.5ಕ್ಕೆ ಇಳಿದಾಗ ಮಾತ್ರ ಒತ್ತಡ ಸ್ವಲ್ಪ ಏರಿ ಅಲ್ಲೇ ನಿಂತಿದೆ. ಅದಕ್ಕೆ ಬೇರೆ ಥ್ರೆಡ್ ಹಾಕಲಾ, ಸರ್?